ಹಿಂದಿನ ಕೋಣೆಯವನು

"ಮನೆ ನೋಡೋಕೆ ಹೋದಾಗ ಅಲ್ಲಿ ಯಾರ್ಯಾರಿದ್ರು?" ಎಂದು ಮಿಸೆಸ್ ಕಾರ್ಟ್ಮೆಲ್ ಕೇಳಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಲೊರೇನ್ ಕಿಟಕಿಯ ಕಡೆ ನೋಡಿದಳು. ಕೆಳಗಿನ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬಂದು ವಕೀಲರ ಆಫೀಸನ್ನು ತುಂಬಿತ್ತು. ಕಿಟಕಿಯಾಚೆ ಟ್ರ್ಯಾಮೊಂದು ಕಡಲ ದಂಡೆಯ ಫ್ಲೀಟ್‌ವುಡ್ ಊರಿನ ಮಾರುಕಟ್ಟೆಯ ಕಡೆ ತಿರುಗುತ್ತ ಕಿರ್ರೆಂದು ಕಿರುಚಿತು.

"ಜಾನಿಸ್ ಇದ್ಲು, ಮನೆಯಾಕೆ. ಟೀ ಕೊಟ್ಲು."

"ಬೇರೆ ಯಾರೂ?"

"ನಾನು ನೋಡಿದ್ದು ಅವಳನ್ನೇ."

ಮಿಸೆಸ್ ಕಾರ್ಟ್ಮೆಲ್ ತಲೆಯಾಡಿಸಿದರು. "ಎಲ್ಲರನ್ನೂ ಕೇಳೋ ಪ್ರಶ್ನೆ ಇದು. ಮಾರೋರು ಒಂದು ಹೇಳ್ತಾರೆ, ಕೊಳ್ಳೋರ ಕಣ್ಣಿಗೆ ಇನ್ನೊಂದು ಬಿದ್ದಿರುತ್ತೆ. ಆ ಮನೇಲಿ ತಾನೊಬ್ಬಳೇ ಇರೋದು ಅಂತ ಆಕೆ ಹೇಳಿದ್ದಾರೆ. ಸರಿ ಹಾಗಾದ್ರೆ."

ಲೊರೇನ್ ಕೈಚೀಲ ಎತ್ತಿಕೊಂಡು ಕೆಳಗಿಳಿದಳು. ಬೇಕರಿಯಲ್ಲಿ ಏನಾದರೂ ಕೊಳ್ಳಬೇಕೆಂದುಕೊಂಡಿದ್ದವಳು ಕೊಳ್ಳದೆ ಮುಂದೆ ನಡೆದಳು.

ಈ ವಕೀಲರನ್ನು ಹುಡುಕಿಕೊಂಡು ಬಂದವಳು ಅವಳೇ. ಮನೆ ಏಜೆಂಟ್ ಕೊಟ್ಟದ್ದು ಯಾವುದೋ ದೂರದ ಊರಿನ ಕಂಪನಿಯ ನಂಬರು. ಅಗ್ಗ, ಎಲ್ಲವೂ ಫೋನಿನಲ್ಲೇ ಮುಗಿಯುತ್ತದೆ ಎಂದಿದ್ದ. ಪ್ರತಿ ಸಲವೂ ಬೇರೊಂದು ದನಿ ಫೋನೆತ್ತಿ, ಮೊದಲಿನಿಂದ ಅವಳ ಹೆಸರು ಕೇಳುತ್ತಿತ್ತು. ಊರು ಎಲ್ಲಿದೆಯೆಂದೇ ತಿಳಿಯದ ಒಬ್ಬ ಹುಡುಗನಂತೂ "ಫ್ಲೀಟ್‌ವುಡ್ ಅಂದ್ರೆ ಸ್ಕಾಟ್ಲೆಂಡಲ್ಲಾ ಬರೋದು?" ಎಂದು ಕೇಳಿದ್ದ. ಬದುಕಿನಲ್ಲಿ ಒಮ್ಮೆ ಕೊಳ್ಳುವ ಮನೆ, ಅದನ್ನು ಇವರ ಕೈಗೆ ಹೇಗೆ ಕೊಡುವುದು ಎಂದು ಲೊರೇನ್‌ಗೆ ಚಿಂತೆಯಾಗಿತ್ತು. ಅವಳು ಶಾಲೆಯೊಂದರಲ್ಲಿ ಮಕ್ಕಳ ಊಟದ ಅಡುಗೆ ಮಾಡುವವಳು. ಜೊತೆಗೆ ಕೆಲಸ ಮಾಡುವ ಹೆಂಗಸೊಬ್ಬಳು ಮಿಸೆಸ್ ಕಾರ್ಟ್ಮೆಲ್ ಹೆಸರು ಹೇಳಿದಳು. ಮೊದಲ ಭೇಟಿಯಲ್ಲೇ ಅವರು, "ನಾನು ನಿಧಾನ. ಏಜೆಂಟು ದಿನಾ ಫೋನ್ ಮಾಡಿ ನಿಮ್ಮ ತಲೆ ತಿಂತಾನೆ. ಆಗ ನನ್ನ ಬೈಕೊಳ್ಳಿ, ಬೇಜಾರಿಲ್ಲ. ಕೇಳಿದ್ದಕ್ಕೆ ಮಾತ್ರ ನಿಜ ಹೇಳಿ" ಎಂದಿದ್ದರು. ಆ ಮಾತು ಲೊರೇನ್‌ಗೆ ಹಿಡಿಸಿತ್ತು.

ಅಂದು ಮನೆ ತೋರಿಸುತ್ತ ಜಾನಿಸ್ ಮಹಡಿಯ ಹಿಂದಿನ ಕೋಣೆಯ ಬಾಗಿಲನ್ನು ಒಂದಿಷ್ಟೇ ತೆರೆದು ಮತ್ತೆ ಮುಚ್ಚಿದ್ದಳು. "ನನ್ನ ಗಂಡನ ಅಣ್ಣ. ಸ್ವಲ್ಪ ದಿನ ಇದ್ದು ಹೋಗೋಕೆ ಬಂದಿದ್ದಾನೆ" ಎಂದಿದ್ದಳು. ಆ ಸಂದಿಯಲ್ಲೇ ಲೊರೇನ್ ನೋಡಿದ್ದಳು: ಮುದುಕನೊಬ್ಬನ ಬೆನ್ನು, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಕಡಲ ಚಿಪ್ಪು, ಗಡಿಯಾರ, ತೊಳೆದು ಒಣಗಿಸಿಟ್ಟ ಹೊಗೆಸೊಪ್ಪಿನ ಪೈಪುಗಳು. ಸ್ವಲ್ಪ ದಿನಕ್ಕೆ ಬಂದವನ ಕೋಣೆಯಂತೆ ಅದು ಕಾಣಲಿಲ್ಲ.

"ಅವಳ ಭಾವನ್ನ ಅವಳು ನೋಡ್ಕೋತಾಳೆ ಬಿಡು" ಎಂದ ಲೊರೇನ್ ಗಂಡ ಕ್ಲೈವ್, ಸಂಜೆ ವಿಷಯ ಕೇಳಿ. "ಊರಿನ ಮುದುಕರನ್ನೆಲ್ಲ ನೀನೇ ತಲೆ ಮೇಲೆ ಹೊತ್ಕೋತೀಯಾ?"

"ವಕೀಲರು ನೇರವಾಗಿ ಕೇಳಿದ್ರು, ಕ್ಲೈವ್."

"ಕೇಳ್ತಾರೆ. ಕೇಳೋಕೇ ತಾನೆ ಅಷ್ಟು ಫೀಸು? ಆ ಫೋನಿನವರಾಗಿದ್ರೆ ಏನೂ ಕೇಳ್ತಿರ್ಲಿಲ್ಲ, ಇಷ್ಟೊತ್ತಿಗೆ ಬೀಗದ ಕೈ ಜೇಬಲ್ಲಿರ್ತಿತ್ತು."

ಅವನ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಯಾಸವಿತ್ತು. ಮಂಡಿ ಕೈಕೊಟ್ಟ ಮೇಲೆ ಅವನು ಬಸ್ಸು ಓಡಿಸುವುದನ್ನು ಬಿಟ್ಟಿದ್ದ. ಅವರಿದ್ದ ಬಾಡಿಗೆ ಮನೆ ಮೀನು-ಚಿಪ್ಸ್ ಅಂಗಡಿಯ ಮೇಲೆ. ಹೊರಗಿನ ಕಬ್ಬಿಣದ ಮೆಟ್ಟಿಲನ್ನು ಅವನು ಪುಟ್ಟ ಮಗುವಿನಂತೆ ಹಿಮ್ಮುಖವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದ. ಜಾನಿಸ್ ಮನೆಯಲ್ಲಿ ಕೆಳಗೇ ಮಲಗುವಷ್ಟು ಜಾಗವಿತ್ತು. ಮೇಲಿನ ಕಿಟಕಿಯಿಂದ ಕೊಲ್ಲಿ ಕಾಣುತ್ತಿತ್ತು. ನೀರು ಇಳಿದಾಗ ಕಣ್ಣು ಹಾಯುವವರೆಗೂ ಮರಳು.

ಶನಿವಾರ ಲೊರೇನ್ ಅಳತೆ ಟೇಪು ಹಿಡಿದು ಆ ಮನೆಗೆ ಹೋದಳು. ಪರದೆಗೆ ಅಳತೆ ಬೇಕೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಬಾಗಿಲು ತೆಗೆದವನು ಆ ಮುದುಕ. ದಪ್ಪ ನೀಲಿ ಸ್ವೆಟರು, ಬಿಸಿಲು ಗಾಳಿಗೆ ಬಿರಿದ ಕೆನ್ನೆ.

"ಜಾನಿಸ್ ಅಂಗಡಿಗೆ ಹೋಗಿದ್ದಾಳೆ. ನಾನು ವಿಲ್ಫ್. ಏನಾಗ್ಬೇಕಿತ್ತು?"

"ಪರದೆಗೆ ಅಳತೆ ತಗೊಳ್ಳೋಣ ಅಂತ."

"ಹೊಸ ಪರದೆ ಹಾಕಿಸ್ತಾಳಾ? ಒಳ್ಳೇದಾಯ್ತು. ನನ್ನ ತಮ್ಮ ಹೋದ್ಮೇಲೆ ಅವಳು ಮನೆ ಕಡೆ ಮನಸ್ಸೇ ಕೊಟ್ಟಿರ್ಲಿಲ್ಲ. ಒಳಗೆ ಬಾ, ತಾಯಿ."

ತನ್ನನ್ನು ಪರದೆ ಅಂಗಡಿಯವಳು ಎಂದುಕೊಂಡಿದ್ದಾನೆ ಎಂದು ಲೊರೇನ್‌ಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು: ಮನೆ ಮಾರಾಟವಾಗುತ್ತಿರುವುದೇ ಇವನಿಗೆ ಗೊತ್ತಿಲ್ಲ.

ವಿಲ್ಫ್ ಅವಳನ್ನು ಮೇಲೆ ಕರೆದೊಯ್ದ. "ನನ್ನ ಕೋಣೆಗೂ ಹಾಕಿಸ್ತಾಳೆ ತಾನೆ?" ಎನ್ನುತ್ತ ಟೇಪಿನ ಒಂದು ತುದಿಯನ್ನು ತಾನೇ ಹಿಡಿದು ಕಿಟಕಿಯ ಮೂಲೆಗೆ ಒತ್ತಿದ. "ಈ ಚೌಕಟ್ಟು ನಾನೇ ಕೂರಿಸಿದ್ದು. ನಾನು ಕೆಲಸಕ್ಕಿದ್ದ ಮೀನಿನ ಹಡಗುಗಳು ನಿಂತ್ಹೋದಾಗ ಪರಿಹಾರ ಅಂತ ಕೈಗೆ ಬಂದ ಅಷ್ಟೋ ಇಷ್ಟೋ ದುಡ್ಡನ್ನೆಲ್ಲ ಈ ಮನೆಗೇ ಹಾಕ್ದೆ. ಹೆಸರು ತಮ್ಮನದೇ ಇರ್ಲಿ ಅಂದೆ. ಅವನಿಗೆ ಹೆಂಡ್ತಿ ಇದ್ಲು. ನನ್ನಂಥೋನಿಗೆ ಕಾಗದ ಯಾಕೆ, ಒಂದು ಕೋಣೆ ಸಾಕು." ಆಮೇಲೆ ಕೇಳಿದ, "ಸರಿಯಾಗಿ ಹಿಡ್ದಿದ್ದೀನಾ?"

"ಸರಿಯಾಗಿದೆ" ಎಂದಳು ಲೊರೇನ್. ಟೇಪಿನ ಮೇಲಿನ ಅಂಕಿ ಅವಳ ತಲೆಗೇ ಹೋಗಲಿಲ್ಲ.

ಸೋಮವಾರ ಅವಳು ಬೇಕರಿಯ ಮೇಲಿನ ಆಫೀಸಿಗೆ ಹೋಗಿ, ಕೋಟನ್ನೂ ಬಿಚ್ಚದೆ, "ಅವತ್ತು ನಾನು ನಿಮಗೆ ಸುಳ್ಳು ಹೇಳ್ದೆ" ಎಂದಳು.

ಮಿಸೆಸ್ ಕಾರ್ಟ್ಮೆಲ್ ಬೈಯಲಿಲ್ಲ. ಕುರ್ಚಿ ತೋರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. "ಕಾಗದದಲ್ಲಿ ಹೆಸರಿಲ್ಲದಿದ್ರೂ ದುಡ್ಡು ಹಾಕಿ ಅಲ್ಲೇ ವಾಸ ಇರೋರಿಗೆ ಮನೇಲಿ ಪಾಲಿರಬಹುದು. ಅವರು ತಿಳಿದು ಒಪ್ಪಿ ಬಿಟ್ಕೊಟ್ರೆ ಸರಿ. ತಿಳಿಸೋದಕ್ಕೆ ಅವರದೇ ಒಬ್ಬ ವಕೀಲ ಬೇಕು. ನಾನಲ್ಲ, ಜಾನಿಸ್ ಕಡೆಯವರೂ ಅಲ್ಲ. ಒಪ್ಪದೇ ಇದ್ರೆ, ನೀವು ದುಡ್ಡು ಕೊಟ್ಟ ಮೇಲೂ ಅವರು ಆ ಕೋಣೇಲೇ ಇರ್ತಾರೆ. ಮನೆ ಜೊತೆ ಅವರೂ ನಿಮ್ಮ ಪಾಲಿಗೆ."

"ನಾನು ಇವತ್ತು ಬರ್ದೇ ಇದ್ದಿದ್ರೆ?"

"ನೀವು ಹೇಳಿದ್ದನ್ನೇ ನಂಬಿರ್ತಿದ್ದೆ."

ಮಿಸೆಸ್ ಕಾರ್ಟ್ಮೆಲ್ ಕನ್ನಡಕ ಹಾಕಿಕೊಂಡು ಒಂದು ಕಾಗದ ಎಳೆದುಕೊಂಡರು.

"ನಾನು ಜಾನಿಸ್ ವಕೀಲರಿಗೆ ಬರೀಬೇಕಾಗುತ್ತೆ. ಬರೆದ್ರೆ ಮನೆ ನಿಮ್ಮ ಕೈತಪ್ಪಬಹುದು. ಬರೀದೇ ಮುಂದುವರಿಯೋದು ನನ್ನಿಂದಾಗಲ್ಲ. ಬೇಡ ಅಂದ್ರೆ ನೀವು ಬೇರೆ ವಕೀಲರನ್ನ ನೋಡ್ಕೋಬೇಕು."

ಲೊರೇನ್ ಕ್ಲೈವ್‌ನ ಮಂಡಿಯನ್ನು ನೆನೆದಳು, ಆ ಕಬ್ಬಿಣದ ಮೆಟ್ಟಿಲನ್ನು ನೆನೆದಳು. "ಬರೀರಿ" ಎಂದಳು.

ವಾರ ಕಳೆಯುವುದರೊಳಗೆ ಜಾನಿಸ್ ಫೋನ್ ಮಾಡಿದಳು. ಕಿರುಚಾಡುತ್ತಾಳೆಂದು ಲೊರೇನ್ ಸಿದ್ಧವಾಗಿದ್ದಳು. ಜಾನಿಸ್ ದನಿ ಏರಿಸಲೇ ಇಲ್ಲ.

"ಮದುವೆಯಾಗಿ ಬಂದಾಗಿನಿಂದ ಅವನಿಗೆ ಬೇಯಿಸಿ ಹಾಕಿದ್ದು ಯಾರು ಅಂತ ಕೇಳಿದ್ಯಾ ಅವನ್ನ? ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಯಾರು ಅಂತ? ನನ್ನ ಗಂಡ ಸತ್ತ, ಅವನ ಅಣ್ಣ ಉಳ್ಕೊಂಡ. ನಮ್ಮಕ್ಕನ ಊರಲ್ಲಿ ಸಣ್ಣದೊಂದು ಮನೆ ನೋಡಿದ್ದೆ, ನನ್ನೊಬ್ಬಳಿಗೆ. ಅವನನ್ನೂ ಬೀದೀಲಿ ಬಿಡ್ತಿರ್ಲಿಲ್ಲ, ಒಳ್ಳೇ ವೃದ್ಧಾಶ್ರಮ ನೋಡಿಟ್ಟಿದ್ದೆ. ನನಗೂ ಒಂದು ಬದುಕು ಅಂತ ಬೇಡ್ವೇನೇ?"

"ಅವರಿಗೆ ಒಂದು ಮಾತು ಹೇಳ್ಬೋದಿತ್ತು" ಎಂದಳು ಲೊರೇನ್.

"ಹೇಳೋಕೆ ಧೈರ್ಯ ಇದ್ದಿದ್ರೆ ಹೇಳ್ತಿದ್ದೆ" ಎಂದು ಜಾನಿಸ್ ಫೋನಿಟ್ಟಳು.

ವಿಲ್ಫ್ ತನ್ನದೇ ವಕೀಲರ ಮುಂದೆ ಕೂತು, ಎಲ್ಲ ಕೇಳಿಸಿಕೊಂಡು, ತಾನು ಎಲ್ಲಿಗೂ ಹೋಗುವುದಿಲ್ಲ ಎಂದನಂತೆ. ಮಾರಾಟ ನಿಂತಿತು. ಅದುವರೆಗೆ ಖರ್ಚಾದದ್ದು ಹೋಯಿತು. ಕ್ಲೈವ್ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಟೀ ಕೊಟ್ಟರೆ ಕುಡಿದು ಲೋಟ ತೊಳೆದಿಡುತ್ತಿದ್ದ, ಅಷ್ಟೇ. ಒಂದು ಸಂಜೆ, ಕೆಳಗಿನ ಅಂಗಡಿಯಲ್ಲಿ ಎಣ್ಣೆ ಕಾಯುವ ಹೊತ್ತಿಗೆ, ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ:

"ಮನೆ ಮಾರ್ತಿರೋದನ್ನ ಆ ಮುದುಕನಿಗೆ ಹೇಳೇ ಇರ್ಲಿಲ್ವಾ?"

"ಇಲ್ಲ. ಟೇಪಿನ ಆ ತುದಿ ಅವನೇ ಹಿಡ್ಕೊಂಡ, ಕ್ಲೈವ್."

ಅವನು ಟಿವಿ ಆರಿಸಿದ. ಮಂಡಿಯ ಮೇಲೆ ಕೈಯೂರಿ ಎದ್ದು, "ಟೀ ಮಾಡ್ಲಾ?" ಎಂದ.

ಚಳಿಗಾಲ ಕಳೆದ ಮೇಲೆ ಅವರಿಗೆ ಇನ್ನೊಂದು ಮನೆ ಸಿಕ್ಕಿತು. ಕೊಲ್ಲಿ ಕಾಣದ ಬೀದಿ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಆದರೆ ಬಚ್ಚಲು ಕೆಳಗೇ ಇತ್ತು. ಮಿಸೆಸ್ ಕಾರ್ಟ್ಮೆಲ್ ಕನ್ನಡಕ ತೆಗೆದು ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರಿಸಿದವನು ಕ್ಲೈವ್. "ಒಬ್ಬ ವಿಧವೆ, ಒಂದು ಬೆಕ್ಕು. ಕಪಾಟೆಲ್ಲ ತೆಗೆದು ನೋಡಿದ್ದೀನಿ. ಅಟ್ಟಕ್ಕೂ ಹತ್ತೋನಿದ್ದೆ, ಇವಳು ಬಿಡ್ಲಿಲ್ಲ." ಮಿಸೆಸ್ ಕಾರ್ಟ್ಮೆಲ್ ನಕ್ಕದ್ದನ್ನು ಲೊರೇನ್ ಅಂದೇ ಮೊದಲು ನೋಡಿದ್ದು. "ಬೆಕ್ಕಿನ ಸಹಿ ಬೇಕಾಗಲ್ಲ" ಎಂದರು ಅವರು.

ಆ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಲೊರೇನ್ ಶಾಲೆಯಿಂದ ಹೊರಟು ಟ್ರ್ಯಾಮ್ ನಿಲ್ದಾಣಕ್ಕೆ ಬಂದಳು. ಬೆಂಚಿನ ಮೇಲೆ ವಿಲ್ಫ್ ಕೂತಿದ್ದ. ಪಕ್ಕದಲ್ಲಿ ಮೀನಿನ ಅಂಗಡಿಯ ಚೀಲ. ಅವಳ ಗುರುತು ಹತ್ತಿದಂತೆ ಕಾಣಲಿಲ್ಲ. ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಜಾಗ ಮಾಡಿದ.

"ಹ್ಯಾಡಕ್ ಮೀನು" ಎಂದ, ಕೇಳದೆಯೇ. "ಮನೇಲಿ ನಮ್ಮ ತಮ್ಮನ ಹೆಂಡ್ತಿ ಇದ್ದಾಳೆ. ಮಾತು ಬಿಟ್ಟಿದ್ದಾಳೆ ನನ್ನ ಜೊತೆ. ಬೇಯಿಸಿ ಮೇಜಿನ ಮೇಲಿಟ್ಟು ಹೋಗ್ತಾಳೆ, ಒಂದು ಮಾತಿಲ್ಲ. ಇವತ್ತು ನಾನೇ ಅವಳಿಗೆ ಬೇಯಿಸಿ ಇಡೋಣ ಅಂತ. ಹಡಗಲ್ಲಿ ಅಷ್ಟು ವರ್ಷ ಮೀನು ಹಿಡ್ದೆ, ಬೇಯಿಸಿದ್ದು ಮಾತ್ರ ಒಂದು ದಿನವೂ ಇಲ್ಲ."

ಲೊರೇನ್ ಟ್ರ್ಯಾಮ್ ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಹಾಲಲ್ಲಿ ಬೇಯಿಸಿ" ಎಂದಳು. "ನೀರಲ್ಲಿ ಬೇಡ."

"ಹಾಲಲ್ಲಾ?"

"ಸ್ವಲ್ಪ ಬೆಣ್ಣೆ ಹಾಕಿ. ಸಣ್ಣ ಉರಿ. ಕುದಿಯೋಕೆ ಬಿಡ್ಬೇಡಿ, ಪುಡಿಯಾಗುತ್ತೆ."

"ಹಾಲು, ಬೆಣ್ಣೆ, ಸಣ್ಣ ಉರಿ" ಎಂದ ವಿಲ್ಫ್. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಟ್ರ್ಯಾಮ್ ಕಾಣಿಸುವವರೆಗೂ ಅದನ್ನೇ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದ.