ಸೇತುವೆ ದಾಟಿದ ಮೇಲೆ ಕೆಂಪು ಎಡಕ್ಕೆ

ಶನಿವಾರ ರೆಮಿಯ ಮಣ್ಣಾಯಿತು. ಭಾನುವಾರ ಮನೆ ತುಂಬ ಜನ. ಸೋಮವಾರ ಕೈಸಾ ಎದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಬೀದಿಯಲ್ಲಿ ಕಸದ ಲಾರಿಯ ಸದ್ದು ಮಾತ್ರ ಇತ್ತು. ಬರಿಗಾಲಲ್ಲಿ ಹಸಿರು ತೊಟ್ಟಿಯನ್ನು ಎಳೆದುಕೊಂಡು ಓಡಿದಳು. ಲಾರಿ ಆಗಲೇ ಮೂಲೆ ತಿರುಗಿತ್ತು. ಐದು ವರ್ಷದಿಂದ ಆ ತೊಟ್ಟಿ ಅವಳ ಗಂಡ ರೆಮಿಯ ಕೆಲಸವಾಗಿತ್ತು. ಲಾರಿ ಎಷ್ಟು ಹೊತ್ತಿಗೆ ಬರುತ್ತದೆಂದು ಅವಳು ಕೇಳಿಯೇ ಇರಲಿಲ್ಲ.

ಒಳಗೆ ಬಂದು ಕಾಫಿಗಿಟ್ಟಳು. ಇಬ್ಬರ ಅಳತೆಯೇ ಕೈಗೆ ಬಂತು. ಚೆಲ್ಲಲಿಲ್ಲ, ಎರಡು ಲೋಟವನ್ನೂ ತಾನೇ ಕುಡಿದಳು.

ಒಂಬತ್ತಕ್ಕೆ ರೆಮಿಯ ಅಕ್ಕ ಸೊಲಾಂಜ್ ಬಂದಳು. ಚರ್ಚಿನ ನೆಲಮಾಳಿಗೆಯ ಊಟದಲ್ಲಿ ಉಳಿದಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ಚು ಡಬ್ಬಿಯಲ್ಲಿತ್ತು.

"ತಿನ್ನು. ಇಲ್ದಿದ್ರೆ ನಾನೇ ತಿಂದುಬಿಡ್ತೀನಿ, ಆಮೇಲೆ ನನ್ ಕಪ್ಪು ಲಂಗದ ಗುಂಡಿ ಎಳೆದು ಹಾಕೋಕೆ ನೀನೇ ಬರಬೇಕಾಗತ್ತೆ."

ಕೈಸಾ ಒಂದನ್ನು ಬಾಯಿಗಿಟ್ಟಳು. ರುಚಿ ಹತ್ತಲಿಲ್ಲ.

"ಕ್ಲಬ್ಬಿನವರು ಫೋನ್ ಮಾಡಿದ್ರು," ಎಂದಳು ಸೊಲಾಂಜ್. "ಶುಕ್ರವಾರ ಅವನ ಬೋಟಿನ ಪ್ರೊಪೆಲ್ಲರ್ ಗೋಡೆಗೆ ಹಾಕ್ತಾರಂತೆ. ಅಪ್ಪನ್ದು ಇದೆಯಲ್ಲ, ಅದರ ಪಕ್ಕದಲ್ಲೇ. ಹಿತ್ತಾಳೆ ತಗಡಲ್ಲಿ ಹೆಸರು, ವರ್ಷ ಎಲ್ಲ ಬರೆಸೋಕೆ ಕೊಟ್ಟಾಗಿದೆ."

ಸ್ಪ್ಯಾನಿಶ್ ಎಂಬ ಊರಿನ ಬೋಟ್ ಕ್ಲಬ್ಬಿನಲ್ಲಿ ಅಂಥದೊಂದು ಗೋಡೆಯಿದೆ. ಹ್ಯೂರಾನ್ ಸರೋವರದ ಬಂಡೆಗಳಿಗೆ ತಗಲಿ ಸೊಟ್ಟಗಾದ ಪ್ರೊಪೆಲ್ಲರುಗಳನ್ನು ಸಾಲಾಗಿ ತೂಗುಹಾಕಿ, ಕೆಳಗೆ ಬಂಡೆಗೆ ಗುದ್ದಿದವನ ಹೆಸರು ಬರೆಯುತ್ತಾರೆ. ಚಳಿಗಾಲವಿಡೀ ಅದರ ಕೆಳಗೆ ಕುಳಿತು ಬಿಯರ್ ಕುಡಿಯುತ್ತ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ. ಶನಿವಾರ ಊಟದ ಹೊತ್ತಿಗೂ ಅದೇ ಮಾತಾಗಿತ್ತು. ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವ ರೆಮಿ, ಹೊರಡುವ ಮುನ್ನ ಪ್ರತಿ ಹಗ್ಗವನ್ನೂ ಎರಡು ಸಲ ಜಗ್ಗಿ ನೋಡುವ ರೆಮಿ, ರಜೆಯ ಮೊದಲ ದಿನವೇ ಬಂಡೆಗೆ ಗುದ್ದಿದನಂತೆ. ಜನ ಕಣ್ಣೊರೆಸಿಕೊಂಡು ನಕ್ಕಿದ್ದರು.

"ನಂಗೆ ಅರ್ಥ ಆಗದೇ ಇರೋದು ಅದೊಂದೇ," ಎಂದಳು ಸೊಲಾಂಜ್. "ಸೇತುವೆ ತನಕ ನೀರಲ್ಲಿನ ಕೆಂಪು ಗುರುತು ಬಲಕ್ಕೆ, ಸೇತುವೆ ದಾಟಿದ್ಮೇಲೆ ಕೆಂಪು ಎಡಕ್ಕೆ. ಒಂಬತ್ತನೇ ವಯಸ್ಸಿಗೇ ಅಪ್ಪ ಬಾಯಿಪಾಠ ಮಾಡ್ಸಿದ್ದ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದ ನನ್ ತಮ್ಮ. ಏನು ಮಾಡ್ತಿದ್ದ ಅವನು? ನೀನು ಪಕ್ಕದಲ್ಲೇ ಇದ್ದೆಯಲ್ಲ."

"ಕಾಫಿ ಮಾಡ್ತಿದ್ದ," ಎಂದಳು ಕೈಸಾ.

"ಚುಕ್ಕಾಣಿ ಹಿಡ್ಕೊಂಡು ಕಾಫಿನಾ?" ಸೊಲಾಂಜ್ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತಳು. ಮೂಗು ಸೀಟಿಕೊಂಡು, "ಆ ಸೊಟ್ಟ ಪ್ರೊಪೆಲ್ಲರ್ ದ್ವೀಪದ ಬೋಟ್ ರಿಪೇರಿ ಅಂಗಳದಲ್ಲೇ ಇದೆಯಂತೆ. ತಂದುಬಿಡು. ನನ್ ಕೈಲಾಗಲ್ಲ, ಆ ಬೋಟನ್ನ ನಾನು ನೋಡಲಾರೆ," ಎಂದಳು.

ಆಗಲೇ ಹೇಳಬಹುದಿತ್ತು. ಕೈಸಾ ಡಬ್ಬಿಯ ಮುಚ್ಚಳ ಹುಡುಕಿ ಮುಚ್ಚಿದಳು.

ಅವಳು ಹೊರಟಿದ್ದು ಹತ್ತಕ್ಕೆ. ಸಡ್ಬರಿಯಿಂದ ಮ್ಯಾನಿಟೂಲಿನ್ ದ್ವೀಪಕ್ಕೆ ಎರಡು ಗಂಟೆಯ ದಾರಿ. ಲಿಟಲ್ ಕರೆಂಟಿನ ತಿರುಗುವ ಸೇತುವೆಯ ಮುಂದೆ ಕಾರುಗಳು ನಿಂತಿದ್ದವು. ಗಂಟೆಗೊಮ್ಮೆ ಸೇತುವೆ ಪಕ್ಕಕ್ಕೆ ಸರಿದು ದೋಣಿಗಳಿಗೆ ದಾರಿ ಬಿಡುತ್ತದೆ, ಕಾರಿನವರು ಕಾಯಬೇಕು. ಅವಳು ಎಂಜಿನ್ ಆರಿಸಿದಳು. ಸಾಲಿನಲ್ಲಿ ಮೊದಲು ಬಿಳಿಯ ಯಾಟ್ ಒಂದು ಬಂತು. ಟೋಪಿ ಹಾಕಿದ ಹೆಂಗಸೊಬ್ಬಳು ಚುಕ್ಕಾಣಿ ಹಿಡಿದಿದ್ದಳು, ಗಂಡಸು ಮುಂದೆ ನಿಂತು ಹಗ್ಗ ಸುತ್ತುತ್ತಿದ್ದ. ಯಾರೋ ಕೈಬೀಸಿದರು. ಆ ಹೆಂಗಸು ಬೀಸಲಿಲ್ಲ. ಅವಳ ಕಣ್ಣು ನೀರಿನ ಮೇಲೇ ಇತ್ತು.

ಹನ್ನೆರಡು ದಿನದ ಹಿಂದೆ ಅವರ ಬೋಟೂ ಹೀಗೇ ದಾಟಿತ್ತು. ಮೂರು ವಾರ ರಜೆ, ಸರೋವರದ ಉತ್ತರದ ದಂಡೆಯುದ್ದಕ್ಕೂ ಹೋಗಿಬರುವ ಲೆಕ್ಕ. ಸೇತುವೆ ದಾಟಿದ ಮೇಲೆ ರೆಮಿ, "ಮತ್ತೆ ನೀನು ಚುಕ್ಕಾಣಿ ಹಿಡ್ಕೋ, ಕಾಫಿ ಇಡ್ತೀನಿ. ಇನ್ಮೇಲೆ ಕೆಂಪು ಎಡಕ್ಕೆ, ತಿಳೀತಾ?" ಎಂದ. "ತಿಳೀತು ಮಾರಾಯ, ಮೂರನೇ ಸಲ ಹೇಳ್ತಿದ್ದೀಯ," ಎಂದಳು. ನೀರಲ್ಲಿ ತೇಲುವ ಕೆಂಪು ಗುರುತು ಎದುರಿಗೆ ಬಂದಾಗ ಅವಳ ಕೈ ಬೆಳಗಿನಿಂದ ಮಾಡಿದ್ದನ್ನೇ ಮಾಡಿತು. ಗುರುತನ್ನು ಬಲಕ್ಕೆ ಬಿಟ್ಟುಕೊಂಡಿತು. ಅವಳು ಆಗ ದಡದ ಬಿಳಿ ಬಂಡೆಗಳನ್ನು ನೋಡುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ಬಂಡೆಗಳನ್ನೇ. ಅವುಗಳ ವಯಸ್ಸನ್ನು ರೆಮಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬೋಟಿನಡಿ ಬಂಡೆಗೆ ಗುದ್ದಿದ ಸದ್ದು ಬಂತು.

ರೆಮಿ ಮೇಲೆ ಬಂದ. ಗುರುತನ್ನು ನೋಡಿದ, ಅವಳನ್ನು ನೋಡಿದ. ಬೈಯಲಿಲ್ಲ. ಎಂಜಿನನ್ನು ನ್ಯೂಟ್ರಲ್ಲಿಗೆ ತಂದು, "ಏಟು ಬಿತ್ತಾ ನಿಂಗೆ?" ಎಂದು ಕೇಳಿದ. ಆಮೇಲೆ ಆಲ್ವಿನ್ ಎಂಬ ಮುದುಕನ ದೋಣಿಕಟ್ಟೆಯ ತನಕ, ನಡುಗುವ ಬೋಟನ್ನು ಆಮೆಯ ಹಾಗೆ ನಡೆಸಿಕೊಂಡು ಹೋದ. ಆಲ್ವಿನ್ ಅವನ ಅಪ್ಪನ ಗೆಳೆಯ. ಅವನ ಬೋಟೂ ಅದೇ ಕಂಪನಿಯದು, ಅದೇ ಅಳತೆಯದು.

"ಯಾರಪ್ಪಾ ಆ ಮಹಾನುಭಾವ?" ಎಂದು ಆಲ್ವಿನ್ ಕಟ್ಟೆಯ ಮೇಲಿಂದಲೇ ಕೇಳಿದ್ದ.

ಕೈಸಾ ಬಾಯಿ ತೆರೆಯುವ ಮೊದಲೇ ರೆಮಿ ಕೈಯೆತ್ತಿದ್ದ. "ನಾನೇ."

ಅವಳು ತಡೆಯಲಿಲ್ಲ. ಹಗುರವೆನ್ನಿಸಿತು, ಅದು ನಿಜ. ರಾತ್ರಿ ಮಲಗುವಾಗ "ಯಾಕೆ ಹಾಗಂದೆ?" ಎಂದು ಕೇಳಿದ್ದಕ್ಕೆ, "ಸೊಲಾಂಜ್ ನಿನ್ನ ಹತ್ತು ವರ್ಷ ಆಡ್ಕೋತಾಳೆ. ನನ್ನಾದ್ರೆ ಎರಡೇ ವರ್ಷ," ಎಂದು ಮಗ್ಗುಲಾಗಿದ್ದ.

ಸೇತುವೆ ಮತ್ತೆ ಕೂಡಿತು. ಹಿಂದಿನ ಕಾರಿನವನು ಮೆಲ್ಲಗೆ ಹಾರ್ನ್ ಹೊಡೆದ.

ರಿಪೇರಿ ಅಂಗಳದಲ್ಲಿ ಬೋಟು ಕಂಬಗಳ ಆಸರೆಯ ಮೇಲೆ ನಿಂತಿತ್ತು. ನೀರಿನಿಂದ ಎತ್ತಿದ ಬೋಟು ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವಳಿಗೆ ಮರೆತೇಹೋಗಿತ್ತು. ಅಂಗಳದ ಮೇಸ್ತ್ರಿ ಹೆಂಗಸು, ಅವಳ ಹೆಸರು ಡೋರೀನ್, ಸೊಟ್ಟ ಪ್ರೊಪೆಲ್ಲರನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದಳು.

"ಬೋಟಲ್ಲಿರೋ ಇನ್ನೊಂದನ್ನೂ ಬಿಚ್ಚಿಕೊಡಿ," ಎಂದಳು ಕೈಸಾ.

"ಅದು ಚೆನ್ನಾಗಿದೆಯಲ್ಲಮ್ಮ. ಅದಿಲ್ದೆ ಬೋಟು ಅಲ್ಲಾಡಲ್ಲ. ಮಾರೋದಾದ್ರೂ—"

"ಅದು ನಮ್ದಲ್ಲ. ಆಲ್ವಿನ್ ಹತ್ರ ಎರವಲು ತಂದದ್ದು."

ಡೋರೀನ್ ಸ್ಪ್ಯಾನರ್ ಹಿಡಿದು ಬೋಟಿನಡಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಹೇಳಿದಳು: "ನೀರೊಳಗೆ ಮಾಡಿದ ಕೆಲಸ ಇದು ಅಂದ್ರೆ ಯಾರೂ ನಂಬಲ್ಲ. ಎರಡು ನಟ್ಟೂ ಬಿಗಿಯಾಗಿವೆ. ಅವು ಸಡಿಲಾಗದ ಹಾಗೆ ಪಿನ್ನು ತೂರಿಸಿ ಎರಡೂ ಕಡೆ ಮಡಿಸಿದ್ದಾನೆ. ಪೂರ್ತಿ ಮಾಡಿ ಮುಗಿಸಿದ್ದಾನೆ ಕಣಮ್ಮ."

ಅವಳು ಸಮಾಧಾನಕ್ಕೆಂದೇ ಹೇಳಿದ್ದು. ಕೈಸಾ ಗೋಣಿಯ ಹುರಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಮರುದಿನ ಆಲ್ವಿನ್ ಕೊಟ್ಟ ಪ್ರೊಪೆಲ್ಲರನ್ನು ಹಗ್ಗ ಕಟ್ಟಿ ಕಟ್ಟೆಯಿಂದ ನೀರಿಗೆ ಇಳಿಸಿದವಳು ಅವಳೇ. ಜೂನ್ ತಿಂಗಳ ನೀರು, ಕೈಯಿಟ್ಟರೆ ಮೂಳೆ ನೋಯುವಂಥದು. ರೆಮಿ ಮೂರು ಸಲ ಮುಳುಗಿ ಎದ್ದ. ತುಟಿ ನೀಲಿಯಾಗಿತ್ತು. "ಸಾಕು, ಬಾ," ಎಂದಳು. "ಒಂದೇ ಒಂದು," ಎಂದು ಮತ್ತೆ ಮುಳುಗಿದ. ಹಗ್ಗ ಸಡಿಲಾಯಿತು. ಕೆಲಸ ಮುಗಿಸಿ ಅವನು ಗಂಟು ಬಿಚ್ಚಿದ ಅಂತ ಅರ್ಥ. ಅವಳಿಗೆ ಸಂತೋಷವಾಯಿತು. ಸಡಿಲ ಹಗ್ಗವನ್ನು ಸುತ್ತಿಕೊಳ್ಳುತ್ತ ನಿಂತೇ ಇದ್ದಳು. ಆಮೇಲೆ ಆಲ್ವಿನ್ ಅಂಗಿಯ ಸಮೇತ ನೀರಿಗೆ ಧುಮುಕಿದ. ಎಪ್ಪತ್ತಾರರ ಮುದುಕ. ಚಳಿಗೆ ರೆಮಿಯ ಎದೆ ನಿಂತಿದೆ ಎಂದು ಡಾಕ್ಟರು ಹೇಳಿದರು.

ಆಲ್ವಿನ್ ಮಣ್ಣಿಗೆ ಬಂದಿರಲಿಲ್ಲ.

ಅವಳು ಹೋದಾಗ ಅವನು ಕಟ್ಟೆಯ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ಕಾರು ನೋಡಿ ಸುತ್ತಿಗೆ ಕೆಳಗಿಟ್ಟ, ಎದ್ದು ನಿಲ್ಲಲಿಲ್ಲ. ಗಡ್ಡ ಬೆಳೆದಿತ್ತು.

"ಬರಬೇಕಿತ್ತು," ಎಂದ. "ಅಂಗಿ ಹಾಕ್ಕೊಂಡೆ, ಟೈ ಕಟ್ಕೊಂಡೆ. ಟ್ರಕ್ಕಲ್ಲಿ ಕೂತೆ. ಆಗಲಿಲ್ಲ."

"ಇರಲಿ."

"ಇರಲಿ ಅಲ್ಲ. ಬೋಟು ಎತ್ತೋ ಕ್ರೇನು ಸಿಗೋಕೆ ನಾಲ್ಕು ದಿನ ಆಗತ್ತೆ ಅಂದ ಅವನು. ನಾಲ್ಕು ದಿನ ಇಲ್ಲಿ ಮೊಟ್ಟೆ ಇಡ್ತೀಯಾ, ಇಳಿದು ಹಾಕೋ, ನಿನ್ ವಯಸ್ಸಲ್ಲಿ ನಾನು ಹಾಕಿಲ್ವಾ ಅಂದೆ. ಹಂಗಂದವನು ನಾನು."

ಅವಳು ಹಲಗೆಯ ಮೇಲೆ ಕೂತಳು. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು.

"ಬಂಡೆಗೆ ಗುದ್ದಿದ್ದು ರೆಮಿ ಅಲ್ಲ," ಎಂದಳು. "ನಾನು. ಅವನು ಕೆಳಗೆ ಕಾಫಿ ಮಾಡ್ತಿದ್ದ. ಕೆಂಪನ್ನ ಬಲಕ್ಕೆ ಬಿಟ್ಟೆ. ನೀವು ಕೇಳಿದಾಗ ಅವನು ಕೈ ಎತ್ತಿದ, ನಾನು ಸುಮ್ನಿದ್ದೆ."

ಆಲ್ವಿನ್ ಕೈಯಲ್ಲಿದ್ದ ಎರಡು ಮೊಳೆಗಳನ್ನು ಡಬ್ಬಿಗೆ ಹಾಕಿದ.

"ಅವತ್ತು ಸಂಜೆ ಪೂರ್ತಿ ಅವನನ್ನ ಕುರುಡು ಹೋತ ಅಂತ ಕರೆದೆ," ಎಂದ. "ಮೀನು ತಿನ್ನುವಾಗ್ಲೂ ಬಿಡಲಿಲ್ಲ. ನಿಮ್ಮಪ್ಪ ಗೋರೀಲಿ ಮಗ್ಗುಲು ಬದಲಾಯಿಸ್ತಿದ್ದಾನೆ ಅಂದೆ. ನಗ್ತಾ ಕೂತಿದ್ದ. ನೀನೂ ಕೂತಿದ್ದೆ."

"ಹೌದು."

"ಕೂತ್ಕೊಂಡು ಮೀನು ತಿಂದೆ."

"ಹೌದು."

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಕಡೆ ಮುಖ ಮಾಡಿ, "ಸೊಲಾಂಜ್‌ಗೆ ಗೊತ್ತಾ?" ಎಂದ.

"ಇಲ್ಲ. ಶುಕ್ರವಾರ ಅವನ ಹೆಸರು ಗೋಡೆಗೆ ಹಾಕ್ತಾರೆ."

"ಗೋಡೆ ಮೇಲೆ ನನ್ದೂ ಒಂದಿದೆ. ಇರೋದೆಲ್ಲ ನಿಜವಾಗಿ ಗುದ್ದಿದವರ ಹೆಸರೇ." ಮೊಳೆಯ ಡಬ್ಬಿ ಮುಚ್ಚಿ ಹೇಳಿದ: "ಸುಮ್ನಿದ್ರೆ ಯಾರಿಗೂ ತಿಳಿಯಲ್ಲ. ನಾನಂತೂ ಹೇಳಲ್ಲ. ಅವನಿಗೆ ಬೇಕಾಗಿದ್ದೂ ಅದೇ ಇರಬಹುದು. ಆದ್ರೆ ಏನು ಮಾಡ್ಲಿ ಅಂತ ನನ್ನನ್ನ ಕೇಳಬೇಡ."

ಕೈಸಾ ಕೇಳಲಿಲ್ಲ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತಿದ್ದ ಸೊಲಾಂಜಳ ಬೆನ್ನು ಕಣ್ಣಿಗೆ ಬಂತು. ತನ್ನ ತಮ್ಮ ಒಂಬತ್ತನೇ ವಯಸ್ಸಿನ ಪಾಠವನ್ನು ಹೇಗೆ ಮರೆತ ಎಂದು ಅವಳು ಇನ್ನು ಸಾಯುವ ತನಕ ಕೇಳಿಕೊಳ್ಳುತ್ತಾಳೆ. ಅವನು ಮರೆತಿರಲಿಲ್ಲ. ಕೈಸಾ ಫೋನ್ ತೆಗೆದಳು. ಆಲ್ವಿನ್ ಎದ್ದು ಹೋಗಲು ನೋಡಿದ, ಮೊಣಕಾಲು ಏಳಗೊಡಲಿಲ್ಲ. ಅಲ್ಲೇ ಕೂತ.

"ಸಿಕ್ತಾ?" ಎಂದಳು ಸೊಲಾಂಜ್. "ತಗಡು ರೆಡಿಯಾಗಿದೆ, ಫೋಟೋ ಕಳಿಸಿದ್ದಾರೆ. ಚೆನ್ನಾಗಿದೆ."

"ಸೊಲಾಂಜ್, ಅದರಲ್ಲಿ ನನ್ನ ಹೆಸರು ಇರಬೇಕು. ಚುಕ್ಕಾಣಿ ನನ್ನ ಕೈಲಿತ್ತು. ಅವನು ಮೂರು ಸಲ ಹೇಳಿದ್ದ, ಕೆಂಪು ಎಡಕ್ಕೆ ಅಂತ. ನಾನು ತಪ್ಪಿದೆ. ಅವನು ನನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡ."

ಆ ಕಡೆಯಿಂದ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ನಲ್ಲಿ ನಿಂತಿತು.

"ಮೂರು ಸಲ ಹೇಳಿದ್ನಾ?"

"ಮೂರು ಸಲ."

"ಹಂಗಾದ್ರೆ ಅವನಿಗೆ ನೆನಪಿತ್ತು."

"ಇತ್ತು."

ಸೊಲಾಂಜ್, ಯಾರಿಗೋ ವಿಳಾಸ ಹೇಳುವವಳ ದನಿಯಲ್ಲಿ, "ತಗಡು ನಾನು ಬದಲಾಯಿಸ್ತೀನಿ. ಶುಕ್ರವಾರ ನೀನು ಬರಬೇಡ, ಕೈಸಾ. ಆಮೇಲೂ ನಾನಾಗಿ ಕರೆಯೋ ತನಕ ಬರಬೇಡ," ಎಂದಳು. ಅವಳು ಫೋನ್ ಇಟ್ಟ ಸದ್ದೂ ಮೆಲ್ಲಗಿತ್ತು.

ಕೈಸಾ ಎದ್ದು ಕಾರಿನ ಹಿಂಬಾಗಿಲು ತೆಗೆದಳು. ಗೋಣಿಯಲ್ಲಿದ್ದುದನ್ನು ಪಕ್ಕಕ್ಕೆ ಸರಿಸಿ, ನೆಟ್ಟಗಿದ್ದ ಪ್ರೊಪೆಲ್ಲರನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ಕಂಚಿನದು, ಮೂರು ವರ್ಷದ ಮಗುವಿನ ಭಾರ. ಎದೆಗೆ ಒತ್ತಿಕೊಂಡು ಕಟ್ಟೆಯ ಹಲಗೆಗಳ ಮೇಲೆ ನಡೆದು ಬಂದಳು.

ಆಲ್ವಿನ್ ಈಗ ಹೇಗೋ ಎದ್ದು ನಿಂತಿದ್ದ.

"ಇಟ್ಕೋ ಬೇಕಾದ್ರೆ," ಎಂದ. "ನಂಗೆ ಅದನ್ನ ನೋಡೋ ಆಸೆಯಿಲ್ಲ."

"ಎರವಲು ತಂದದ್ದು. ಬೇಸಿಗೆ ಮುಗಿಯೋದ್ರೊಳಗೆ ವಾಪಸ್ ಕೊಡ್ತೀನಿ ಅಂದಿದ್ದ."

ಮುದುಕ ತೋಳು ಚಾಚಿದ. ಅವಳು ಅದನ್ನು ಅವನ ತೋಳಿಗೆ ಇಳಿಸಿದಳು. ಭಾರ ಪೂರ್ತಿ ಅವನ ಕಡೆಗೆ ಹೋಗುವ ತನಕ ಕೈ ಬಿಡಲಿಲ್ಲ. ಕೊಟ್ಟದ್ದು ವಾಪಸು ಬಂದಾಗ ಆ ಕಡೆಯ ಜನ ಮಾಡುವಂತೆ ಅವನು ಹೆಬ್ಬೆರಳಿನಿಂದ ನಾಲ್ಕೂ ಅಲಗುಗಳ ಅಂಚನ್ನು ಸವರಿ ನೋಡಿದ.

"ಸರಿಯಾಗಿದೆ," ಎಂದ.