ಹಗಲು ಹಚ್ಚಿದ ಮೇಣದಬತ್ತಿ

"ಎಡಕ್ಕೆ, ಎಡಕ್ಕೆ! ಬಾಗಿಲಿಗೆ ತಾಗಿಸಿದ್ರೆ ಪಾಸಿಂಗಕ್ಕ ಇನ್ನೊಬ್ಬರನ್ನೂ ಜೊತೆಗೆ ಕರ್ಕೊಂಡು ಹೋಗ್ತಾಳೆ!" ಪಕ್ಕದ ಮನೆಯ ಬೆಲೆನ್ ಕೂಗಿದಳು.

"ಹಾಗಾದ್ರೆ ನಿನ್ನನ್ನೇ. ಅಲ್ಲೂ ಮಾತಿಗೆ ಜನ ಬೇಕಲ್ಲ," ಎಂದ, ಶವಪೆಟ್ಟಿಗೆಯ ಹಿಂದಿನ ತುದಿ ಹಿಡಿದಿದ್ದ ಮುದುಕ ಇಸ್ಲಾವ್.

ಮೀನುಗಾರರ ಊರಾದ ನವೋಟಾಸ್‌ನ ಆ ಓಣಿಯ ಬಾಗಿಲುಗಳು ಬದುಕಿದ್ದವರಿಗೇ ಇಕ್ಕಟ್ಟು. ಪಾಸಿಂಗಳ ಮಗಳು ಲುಮಿಂಗ್ ಒಳಗೋಡಿ, ಕಾಫಿಪುಡಿಯ ಖಾಲಿ ಪೊಟ್ಟಣಗಳಿಂದ ಅಮ್ಮ ಹೆಣೆದಿದ್ದ ಚಾಪೆ ತಂದು ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ತುರುಕಿದಳು. ಪೆಟ್ಟಿಗೆ ಸರಕ್ಕನೆ ಜಾರಿ ಬಿಸಿಲಿಗೆ ಬಂತು.

"ಚಾಪೆಗೆ ತಾಗಿದ್ದು ಲೆಕ್ಕಕ್ಕಿಲ್ಲ," ಬೆಲೆನ್ ತೀರ್ಪು ಕೊಟ್ಟಳು.

ಮಣ್ಣು ಮಾಡಿ ಸ್ಮಶಾನದಿಂದ ಹೊರಬಂದಾಗ ಬೆಲೆನ್ ಎಲ್ಲರನ್ನೂ ತಡೆದಳು. "ಸೀದಾ ಮನೆಗೆ ಹೋಗ್ಬೇಡಿ, ಸತ್ತವರು ಹಿಂದೇ ಬರ್ತಾರೆ. ಬ್ರೆಡ್ಡಿನಂಗಡೀಲಿ ಸ್ವಲ್ಪ ಕೂತು, ದಾರಿ ತಪ್ಪಿಸಿ ಹೋಗೋಣ."

"ಅಂಗಡಿ ಯಾಕೆ? ನನ್ನ ಮನೆಗೆ ಬನ್ನಿ," ಎಂದ ಇಸ್ಲಾವ್.

ಗುಂಪು ನಿಂತೇಬಿಟ್ಟಿತು. ಇಸ್ಲಾವ್ ಇದುವರೆಗೆ ಯಾರನ್ನೂ ಹೊಸ್ತಿಲು ದಾಟಿಸಿದವನಲ್ಲ.

"ಅಲ್ಲ ತಾತ, ಪಾಸಿಂಗಕ್ಕ ಅಲ್ಲೇ ಉಳ್ಕೊಂಡ್ಬಿಟ್ರೆ?" ಎಂದಳು ಬೆಲೆನ್.

"ಉಳ್ಕೊಳ್ಲಿ. ಕೆಲಸ ಬಾಕಿ ಇಟ್ಟು ಹೋಗಿದ್ದಾಳೆ."

ಯಾವ ಕೆಲಸವೆಂದು ಲುಮಿಂಗ್‌ಗೆ ಗೊತ್ತಿತ್ತು.

*

ಒಂದಕ್ಕೊಂದು ಅಂಟಿಕೊಂಡ ಆ ತಗಡಿನ ಮನೆಗಳಿಗೆ ಕಿಟಕಿಯಿಲ್ಲ. ನೀರು ತುಂಬಿದ ಬಾಟಲಿಯನ್ನು ಸೂರಿನ ತೂತಿನಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ ಕೂರಿಸಿದರೆ ಅದು ಬಿಸಿಲಿಗೆ ಹಗಲೆಲ್ಲ ಬಲ್ಬಿನಂತೆ ಬೆಳಗುತ್ತದೆ. ಕಸದಿಂದ ಸಾಮಾನು ಮಾಡಿ ಮಾರುತ್ತಿದ್ದ ಪಾಸಿಂಗ್, ಎಸೆದ ಬಾಟಲಿಗಳಿಂದ ಓಣಿಯನ್ನೆಲ್ಲ ಬೆಳಗಿಸಿದ್ದಳು, ಇಸ್ಲಾವನ ಮನೆಯೊಂದನ್ನು ಬಿಟ್ಟು. ಅವನು ಕತ್ತಲಲ್ಲೇ ಮೀನುಬಲೆ ರಿಪೇರಿ ಮಾಡುತ್ತಿದ್ದ.

"ಮಧ್ಯಾಹ್ನಕ್ಕೇ ಮೇಣದಬತ್ತಿ ಹಚ್ತೀಯಲ್ಲ, ನಿನಗೇನು ದಿನಾ ಹುಟ್ಟುಹಬ್ಬವಾ?" ಹೋದ ವಾರ ಅವನ ಬಾಗಿಲಲ್ಲಿ ನಿಂತು ಪಾಸಿಂಗ್ ಕೇಳಿದ್ದಳು.

"ಕಸ ಮಾರೋಳೇ, ನನ್ನ ಸೂರು ತೂತು ಮಾಡೋಕೆ ಬಂದ್ಯಾ? ಮಳೆಗೆ ಸೋರಿದ್ರೆ?"

"ಸೋರಿದ್ರೆ ನಾನೇ ಬಂದು ಕೊಡೆ ಹಿಡ್ಕೊಂಡು ನಿಲ್ತೀನಿ."

ಇಸ್ಲಾವ್ ಸೂಜಿ ಚುಚ್ಚಿದ ಬೆರಳನ್ನು ಬಾಯಿಗಿಟ್ಟುಕೊಂಡು ಸೂರನ್ನೊಮ್ಮೆ ನೋಡಿದ. "ನಾಳೆ ಬಾ," ಎಂದ.

ಅವಳು ತಂದಿದ್ದ ಬಾಟಲಿ, ತಗಡು ಕತ್ತರಿಸುವ ಕತ್ತರಿ, ಟಾರಿನ ಡಬ್ಬಿ ಅವನ ಹೊಸ್ತಿಲಲ್ಲೇ ಉಳಿದವು. ಮರುದಿನ ಬೆಳಗಾದಾಗ ಪಾಸಿಂಗ್ ನಿದ್ದೆಯಿಂದ ಏಳಲೇ ಇಲ್ಲ.

*

ಲುಮಿಂಗ್ ಇದುವರೆಗೆ ಏಣಿ ಹಿಡಿದಿದ್ದಳೇ ಹೊರತು ತಗಡು ಕತ್ತರಿಸಿದವಳಲ್ಲ. ಈಗ ಅವಳು ಇಸ್ಲಾವನ ಸೂರಿನ ಮೇಲಿದ್ದಳು; ಒಳಗೆ ಬಂದವರಿಗಾಗಿ ಮೇಣದಬತ್ತಿ ಹಚ್ಚಿಟ್ಟು ಬಂದು ಅವನು ಏಣಿ ಹಿಡಿದಿದ್ದ.

"ತಾತ, ತೂತು ದೊಡ್ಡದಾಗ್ಬಿಟ್ರೆ ಸೋರುತ್ತೆ."

"ಸೋರ್ಲಿ ಬಿಡು. ಕೊಡೆ ಹಿಡ್ಕೊಂಡು ಬರ್ತೀನಿ ಅಂದಿದ್ದಾಳಲ್ಲ."

ಲುಮಿಂಗ್‌ಗೆ ನಗು ಬಂತು, ಕತ್ತರಿ ಕೈಗೆತ್ತಿಕೊಂಡಳು. ಅಮ್ಮನಂತೆಯೇ ತೂತನ್ನು ಬಾಟಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿ, ಬಾಟಲಿಯನ್ನು ತಿರುಗಿಸುತ್ತಾ ಒತ್ತಿದಳು. ಅದು ಬಿಗಿಯಾಗಿ ಕೂತಿತು. ಸುತ್ತ ಟಾರು ಮೆತ್ತಿದಳು.

ಅಷ್ಟರಲ್ಲಿ ಒಳಗಿನಿಂದ ಬೆಲೆನ್ ಕಿರುಚಿದಳು. "ಅಯ್ಯೋ ದೇವರೇ, ಇಲ್ನೋಡಿ!"

ಲುಮಿಂಗ್ ದಡದಡನೆ ಇಳಿದು ಒಳಗೆ ಹೋದಳು. ಬೆಳಕು ಕೋಣೆಯನ್ನೆಲ್ಲ ತುಂಬಿತ್ತು. ನೆಲದ ತುಂಬ ಅಮ್ಮ ಹೆಣೆದ ಚಾಪೆಗಳು. ಮೂಲೆಯಲ್ಲಿ ಅವಳು ಎಣ್ಣೆಡಬ್ಬಿಯಿಂದ ಮಾಡಿದ ಒಲೆ. ಗೋಡೆಯಲ್ಲಿ ಬಾಟಲಿಯ ಸೌಟು, ಬಾಟಲಿಯ ಲಾಳಿಕೆ. ಕಪಾಟಿನ ಬಾಗಿಲಿಗೆ ಹಳೆ ಚಪ್ಪಲಿಯ ರಬ್ಬರಿನ ಕೀಲು.

"ಪಾಸಿಂಗಕ್ಕನ ಹತ್ರ ಚಾಪೆ ತರೋಕೆ ನನ್ನನ್ನ ಕಳಿಸ್ತಿದ್ದೆಯಲ್ಲ ತಾತ, ಬೆಕ್ಕಿಗೆ ಅಂತ!" ಬೆಲೆನ್ ಸೊಂಟಕ್ಕೆ ಕೈಯಿಟ್ಟಳು.

"ಹೌದು. ಬೆಕ್ಕಿಗೇ."

"ನಿನ್ನ ಹತ್ರ ಬೆಕ್ಕೇ ಇಲ್ವಲ್ಲ!"

ಓಣಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಲುಮಿಂಗ್ ಕಣ್ಣೊರೆಸಿಕೊಂಡು ನಕ್ಕಳು. ಇಸ್ಲಾವ್ ಯಾರ ಮುಖವನ್ನೂ ನೋಡದೆ, ಬಲೆಯ ಪಕ್ಕ ಇನ್ನೂ ಉರಿಯುತ್ತಿದ್ದ ಮೇಣದಬತ್ತಿಯ ಹತ್ತಿರ ಬಗ್ಗಿ, ಹುಟ್ಟುಹಬ್ಬದ ಮಗುವಿನಂತೆ ಕೆನ್ನೆಯುಬ್ಬಿಸಿ ಅದನ್ನು ಊದಿದ.