ಖಾಲಿ ಕಪಾಟಿನ ಎಣಿಕೆ

ನಗರಸಭೆಯ ಪತ್ರ ಬಂದಾಗ ಅಮ್ಮ ಲೈಬ್ರರಿಯ ಕಿಟಕಿಗಳನ್ನು ತೆರೆದು ಮೇಜುಗಳ ಧೂಳು ಒರೆಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳೇ ಅಲ್ಲಿ ಲೈಬ್ರರಿಯನ್. ನಾನು ಹುಟ್ಟಿದ ವರ್ಷವೇ ಸೇರಿದವಳು. ಹಾಗಾಗಿ ನಾನು ನಡೆಯಲು ಕಲಿತದ್ದು ಆ ಕಪಾಟುಗಳ ನಡುವೆ, ಕಬ್ಬಿಣದ ಅಂಚಿಗೆ ಹಣೆ ಹೊಡೆದುಕೊಂಡು ಊರೆಲ್ಲಾ ಕೇಳುವಂತೆ ಅತ್ತದ್ದೂ ಅಲ್ಲೇ. ಕಾಲೇಜಿಗೆ ರಜೆ ಇದ್ದುದರಿಂದ ಆ ಬೆಳಿಗ್ಗೆ ನಾನೂ ಒಂದು ಬಟ್ಟೆ ಹಿಡಿದು ನಿಂತಿದ್ದೆ.

ಅಮ್ಮ ಪತ್ರವನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು.

"ನೀನೇ ಓದು. ನನ್ನ ಕನ್ನಡಕ ಸರಿ ಇಲ್ಲ ಅನ್ಸುತ್ತೆ."

ಕನ್ನಡಕ ಸರಿಯಾಗಿಯೇ ಇತ್ತು. ಆ ಕಟ್ಟಡ ತೆರಿಗೆ ವಿಭಾಗಕ್ಕೆ ಬೇಕಂತೆ. ಲೈಬ್ರರಿಯನ್ನು ಹೊಸ ಮಾರುಕಟ್ಟೆಯ ಮೂರನೇ ಮಹಡಿಗೆ ಸಾಗಿಸುತ್ತಾರಂತೆ. ಆದರೆ ಕಳೆದ ಮೂರು ವರ್ಷದೊಳಗೆ ಯಾರಾದರೂ ಮನೆಗೆ ಒಯ್ದ ಪುಸ್ತಕಗಳಿಗೆ ಮಾತ್ರ ಅಲ್ಲಿ ಜಾಗ, ಉಳಿದದ್ದೆಲ್ಲ ರದ್ದಿಗೆ. ತಿಂಗಳ ಕೊನೆಗೆ ಎಣಿಕೆ. ಎರಡು ಸಾವಿರ ಪುಸ್ತಕ ಸಿಕ್ಕರೆ ದೊಡ್ಡ ಹಾಲ್, ಜೊತೆಗೆ ಲೈಬ್ರರಿಯನ್ ಹುದ್ದೆಯೂ ಉಳಿಯುತ್ತದೆ. ಕಡಿಮೆಯಾದರೆ ಒಂದು ಕೋಣೆ, ಅದಕ್ಕೊಂದು ಬೀಗ, ಬೀಗದ ಕೈ ಮಾರುಕಟ್ಟೆಯ ವಾಚ್‌ಮನ್ ಹತ್ತಿರ.

"ಮತ್ತೆ ನೀನು?"

"ಜನನ-ಮರಣದ ಕೌಂಟರ್ ಖಾಲಿ ಇದೆಯಲ್ಲ. ಅಲ್ಲಿ ಕೂರಿಸ್ತಾರೆ," ಎಂದು ಅಮ್ಮ ಮತ್ತೆ ಧೂಳು ಒರೆಸತೊಡಗಿದಳು. ಒರೆಸಿದ ಮೇಜನ್ನೇ ಒರೆಸುತ್ತಿದ್ದಳು.

ನಮ್ಮಲ್ಲಿ ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತದೆ. ಯಾರಾದರೂ ಪುಸ್ತಕ ಒಯ್ದರೆ ವಾಪಸ್ ಕೊಡಬೇಕಾದ ತಾರೀಖಿನ ಮುದ್ರೆಯನ್ನು ಅಮ್ಮ ಅದರ ಮೇಲೆ ಹೊಡೆಯುತ್ತಾಳೆ, ಪುಸ್ತಕದ ಕಾರ್ಡನ್ನು ಮರದ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾಳೆ. ಎರಡು ದಿನ ನಾವಿಬ್ಬರೂ ಏಣಿ ಹತ್ತಿ ಇಳಿದು ಎಲ್ಲ ಚೀಟಿಗಳನ್ನೂ ನೋಡಿದೆವು. ಪುಸ್ತಕಗಳು ಮೂರು ಸಾವಿರದ ಹದಿನಾಲ್ಕು. ಮೂರು ವರ್ಷದೊಳಗಿನ ಮುದ್ರೆ ಇದ್ದದ್ದು ಎಂಟುನೂರ ಎಪ್ಪತ್ತಕ್ಕೆ. ಕೆಲವುಗಳ ಚೀಟಿ ಮೇಲೆ ಒಂದೇ ಒಂದು ತಾರೀಖು, ಅದೂ ನನಗಿಂತ ಹಳೆಯದು.

"ಅಮ್ಮ, ಮುದ್ರೆ ನಿನ್ನ ಕೈಲೇ ಇದೆ. ಕೂತು ಟಕಟಕ ಅಂತ ಹೊಡೆದುಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ಯಾರೂ ಒಯ್ಯದ ಪುಸ್ತಕಕ್ಕೆ ನಾನು ತಾರೀಖು ಹಾಕಲ್ಲ."

"ನಿಜವಾಗ್ಲೂ ಒಯ್ದರೆ?"

"ನಿಜವಾಗಿ ಒಯ್ದರೆ ನಿಜವಾಗಿ ಹಾಕ್ತೀನಿ," ಅಂದಳು ಅಮ್ಮ.

ಅಷ್ಟು ಸಾಕಾಯಿತು ನನಗೆ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತಿದೆ. ಗೆಳತಿಯರು, ಗೆಳತಿಯರ ಅತ್ತೆಯಂದಿರು, ಬಸ್ಸಿಗೆ ಕಾಯುತ್ತಿದ್ದವರು, ಯಾರನ್ನೂ ಬಿಡಲಿಲ್ಲ. ಒಬ್ಬರಿಗೆ ಐದು ಪುಸ್ತಕ, ಹದಿನಾಲ್ಕು ದಿನ, ಆಮೇಲೆ ತಪ್ಪದೆ ವಾಪಸ್, ಲೈಬ್ರರಿ ಉಳಿಯುತ್ತದೆ. ಇದನ್ನೇ ದಿನಕ್ಕೆ ನೂರು ಸಲ ಹೇಳಿದೆ.

ಬಂದರು ನೋಡಿ ಜನ! ಮೂರನೇ ದಿನ ಸಾಲು ಗೇಟಿನ ತನಕ ಹೋಯಿತು. ಕ್ಷೌರದಂಗಡಿಯ ಅಣ್ಣ ಕೈಗೆ ಸಿಕ್ಕ ಐದು ಪುಸ್ತಕ ಎತ್ತಿಕೊಂಡ. ಅದರಲ್ಲೊಂದು ಕೋಳಿಗಳ ರೋಗದ ಬಗ್ಗೆ, ಒಂದು ಬಾಣಂತಿ ಆರೈಕೆಯ ಬಗ್ಗೆ.

"ಏನಣ್ಣ, ಮನೇಲಿ ವಿಶೇಷಾನಾ?" ಎಂದು ಹಿಂದಿನಿಂದ ಬೇಕರಿ ಅಕ್ಕ ಕಿಚಾಯಿಸಿದಳು.

"ಕೋಳಿಗೆ ಅಕ್ಕ, ಕೋಳಿಗೆ," ಎಂದ ಅವನು. ಸಾಲಿಗೆ ಸಾಲೇ ನಕ್ಕಿತು.

ಟೈಲರ್ ತಾತ ಕೊನೆಯಲ್ಲಿ ಬಂದರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅವರನ್ನು ಎಲ್ಲರೂ ಹಾಗೇ ಕರೆಯುತ್ತಾರೆ. ದಿನಾ ಬಂದು ಪೇಪರ್ ಓದಿ ಹೋಗುವವರು, ಒಂದು ದಿನವೂ ಪುಸ್ತಕ ಒಯ್ದವರಲ್ಲ. ಯಾವ ಪುಸ್ತಕ ಬೇಕು ಎಂದು ಅಮ್ಮ ಕೇಳಿದಳು.

"ಯಾರೂ ಮುಟ್ಟದೇ ಇರೋದು ಯಾವ್ದಿದೆ ತಾಯಿ? ಅದನ್ನೇ ಕೊಡು. ಪಾಪ, ಅದಕ್ಕೂ ಒಂದು ಮನೆ ತೋರ್ಸೋಣ."

ಅಮ್ಮ ಏಣಿ ಹತ್ತಿ ಮೇಲಿನ ಕಪಾಟಿನಿಂದ ಮರದ ಜಾತಿಗಳ ಬಗ್ಗೆ ಇದ್ದ ಒಂದು ದಪ್ಪ ಪುಸ್ತಕ ತಂದಳು. ಚೀಟಿ ಪೂರ್ತಿ ಖಾಲಿ. ಮೊಟ್ಟಮೊದಲ ಮುದ್ರೆ ಬಿತ್ತು. ಅಮ್ಮನ ಬೆರಳುಗಳು ಶಾಯಿಯಿಂದ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವಳು ಅಷ್ಟು ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ವಾರದೊಳಗೆ ಎರಡು ಸಾವಿರದ ಗಡಿ ದಾಟಿತು. ಸಂಜೆ ಬಾಗಿಲು ಹಾಕುವಾಗ ಅಮ್ಮ ಕಪಾಟುಗಳ ಕಡೆ ನೋಡಿದಳು.

"ಸಾಕು ನಿಲ್ಸೇ ಪಟಪಟಿ. ಬೇಕಾದಷ್ಟಾಯ್ತು. ಕಪಾಟು ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ. ಯಾರಾದ್ರೂ ಬಂದು ನೋಡಿದ್ರೆ?"

"ಯಾರಮ್ಮ ಬರ್ತಾರೆ? ಎಣಿಕೆ ಇರೋದು ತಿಂಗಳ ಕೊನೆಗೆ. ಅಷ್ಟರಲ್ಲಿ ಎಲ್ಲ ವಾಪಸ್ ಬಂದಿರುತ್ತೆ. ಉಳಿದಿರೋದೂ ಹೋಗಲಿ, ಒಂದು ಪುಸ್ತಕವೂ ರದ್ದಿಗೆ ಹೋಗಬಾರದು."

ಅಮ್ಮ ಬಾಗಿಲಿಗೆ ಬೀಗ ಹಾಕಿದಳು. ಮರುದಿನ ನಾನು ಮತ್ತೆ ಜನರನ್ನು ಕರೆತಂದೆ.

ಎಣಿಕೆಯವನು ಬಂದದ್ದು ತಿಂಗಳ ಕೊನೆಗಲ್ಲ, ಹನ್ನೆರಡು ದಿನ ಮೊದಲು. ಸಣಕಲು ಮನುಷ್ಯ, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಕೈಯಲ್ಲಿ ಕಪಾಟು ಅಳೆಯುವ ಟೇಪು. ಬೇರೆ ಕೆಲಸಕ್ಕೆ ಈ ಕಡೆ ಬಂದಿದ್ದನಂತೆ, ಇದನ್ನೂ ಮುಗಿಸಿಬಿಡೋಣ ಅಂತ ಒಳಗೆ ಬಂದನಂತೆ. ಕಪಾಟುಗಳ ಮುಂದೆ ನಿಂತು ಟೇಪನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಇದಕ್ಕೆ ಟೇಪು ಯಾಕಮ್ಮ, ಬೆರಳಲ್ಲೇ ಎಣಿಸ್ಬಹುದು."

"ಎಲ್ಲ ಹೊರಗಡೆ ಇದೆ ಸರ್," ಅಮ್ಮ ಎದ್ದು ನಿಂತಳು. "ಜನ ಒಯ್ದಿದ್ದಾರೆ. ನೋಡಿ, ಕಾರ್ಡುಗಳು ಇಲ್ಲಿವೆ. ಎರಡು ಸಾವಿರದ ಮುನ್ನೂರಕ್ಕೂ ಮೇಲೆ." ಪೆಟ್ಟಿಗೆಗಳನ್ನು ಒಂದೊಂದಾಗಿ ಅವನ ಮುಂದೆ ಎಳೆದಿಟ್ಟಳು.

ಅವನು ಬಗ್ಗಿ ನೋಡಿದ. ಕೆಟ್ಟವನೇನಲ್ಲ, ನಿಜವಾಗಿಯೂ ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ನಮೂನೆಯನ್ನು ಮೇಲಿಂದ ಕೆಳಗೆ ಓದಿದ.

"ಕಪಾಟಿನಲ್ಲಿರುವ ಪುಸ್ತಕ ಅಂತ ಒಂದೇ ಕಾಲಂ ಇದೆ. ಕಾರ್ಡಿಗೆ ಕಾಲಂ ಕೊಟ್ಟಿಲ್ಲಮ್ಮ."

"ನಾಲ್ಕು ದಿನ ಬಿಟ್ಟು ಬನ್ನಿ ಸರ್! ನಾಲ್ಕೇ ದಿನ, ಎಲ್ಲ ವಾಪಸ್ ಬರೋಕೆ ಶುರುವಾಗುತ್ತೆ," ನಾನು ಅಡ್ಡ ನಿಂತೆ.

"ನನ್ನ ಕೆಲಸ ಎಣಿಸೋದು ಕಣಮ್ಮ, ಕಾಯೋದಲ್ಲ. ನಾಳೆ ಬೆಳಿಗ್ಗೆ ವರದಿ ಕೊಡ್ಬೇಕು."

ಆರುನೂರ ನಲವತ್ತು ಎಂದು ಬರೆದ. ಖಾಲಿ ಕಪಾಟುಗಳ ನಾಲ್ಕು ಫೋಟೋ ತೆಗೆದ. ಅಮ್ಮನ ಸಹಿ ಕೇಳಿದ. ಅಮ್ಮ ಕಾಗದವನ್ನು ಬಹಳ ಹೊತ್ತು ನೋಡಿದಳು. ಕಪಾಟಿನಲ್ಲಿ ಇದ್ದದ್ದು ಆರುನೂರ ನಲವತ್ತೇ. ಸಹಿ ಹಾಕಿದಳು.

ಅದೇ ವಾರ ನಗರಸಭೆಯ ಸಭೆ. ಅಮ್ಮ ಮನವಿ ಬರೆದು ಕೊಟ್ಟಿದ್ದಳು, ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು. ದೊಡ್ಡ ಪರದೆಯ ಮೇಲೆ ನಮ್ಮ ಲೈಬ್ರರಿ ಬಂತು, ಬರೀ ಕಬ್ಬಿಣ.

"ಇದು ಲೈಬ್ರರಿನಾ, ಪಾತ್ರೆ ಸ್ಟ್ಯಾಂಡಾ?" ಎಂದು ಯಾರೋ ಸದಸ್ಯರು ಕೇಳಿದರು. ನಗು ಎದ್ದಿತು.

ನಾನು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದೆ: ಸಾಲು ಗೇಟಿನ ತನಕ ಇತ್ತು, ನಾನೂರ ಅರವತ್ತು ಮನೆಗಳಲ್ಲಿ ಪುಸ್ತಕಗಳಿವೆ, ಬೇಕಾದರೆ ಕಾರ್ಡುಗಳನ್ನು ನೋಡಿ. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು.

"ಒಳ್ಳೇದಮ್ಮ. ಅಷ್ಟೊಂದು ಓದೋರು ಇದ್ರೆ ಇಷ್ಟು ವರ್ಷ ಎಲ್ಲಿ ಹೋಗಿದ್ರು?"

ನಾನು ಕೂತುಬಿಟ್ಟೆ. ಮುಂದಿನ ವಿಷಯ ಚರಂಡಿಯದ್ದು. ನಮ್ಮದು ಒಂದು ಕೋಣೆ, ಎರಡು ಕಪಾಟು, ಎಣಿಸಿದ ಆರುನೂರ ನಲವತ್ತು ಪುಸ್ತಕ, ವಾಚ್‌ಮನ್ ಹತ್ತಿರ ಬೀಗದ ಕೈ ಎಂದು ನಿರ್ಧಾರವಾಯಿತು. ಉಳಿದವನ್ನು ರದ್ದು ಮಾಡಿ ಚೀಲಕ್ಕೆ ತುಂಬಿಸಿ ಕೊಡಬೇಕು. ಅದು ಅಮ್ಮ ಲೈಬ್ರರಿಯಲ್ಲಿ ಮಾಡಬೇಕಾದ ಕೊನೆಯ ಕೆಲಸ.

ಮನೆಗೆ ನಡೆದು ಬರುವಾಗ ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮ, ಯಾರೂ ವಾಪಸ್ ಕೊಡಬೇಡಿ ಅಂತ ಹೇಳಿ ಬರ್ತೀನಿ. ಅವರವರ ಮನೇಲೇ ಉಳೀಲಿ. ರದ್ದಿಗೆ ಹೋಗೋದಕ್ಕಿಂತ..."

"ಬೇಡ."

"ಯಾಕಮ್ಮ?"

"ವಾಪಸ್ ಬರುತ್ತೆ ಅಂತ ನಂಬಿ ಕೊಟ್ಟೆ, ವಾಪಸ್ ಕೊಡ್ತೀವಿ ಅಂತ ಹೇಳಿ ಅವರು ಒಯ್ದರು. ಹತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸ ಅದೊಂದೇ ಕಣೇ. ಕೊನೇ ವಾರ ಅದನ್ನೂ ಸುಳ್ಳು ಮಾಡ್ಲಾ?"

ಹದಿನಾಲ್ಕನೇ ದಿನದಿಂದ ಜನ ಬರತೊಡಗಿದರು. ತಪ್ಪದೆ ಬಂದರು. ಬೇಕರಿ ಅಕ್ಕ, ಕ್ಷೌರದಂಗಡಿ ಅಣ್ಣ, ಎಲ್ಲರೂ. ಒಂದು ಪುಟವೂ ಹರಿದಿರಲಿಲ್ಲ, ಒಂದು ಮೂಲೆಯೂ ಮಡಿಸಿರಲಿಲ್ಲ. ಎಲ್ಲರೂ ಗೆದ್ದವರ ಹಾಗೆ ಒಳಗೆ ಬಂದು, "ಉಳೀತಲ್ವಾ?" ಎಂದು ಕೇಳಿದರು. ಅಮ್ಮ ಪ್ರತಿಯೊಬ್ಬರಿಗೂ ಇಲ್ಲ ಎಂದು ಹೇಳಿದಳು, ಹೇಗೆ ಅಂತಲೂ ಹೇಳಿದಳು. ನನ್ನ ಹೆಸರು ಮಾತ್ರ ಎಲ್ಲೂ ಎತ್ತಲಿಲ್ಲ. ಅವರು ಹೋದ ಮೇಲೆ ನಾನು ಪುಸ್ತಕ ತೆರೆದು ಹಿಡಿಯುತ್ತಿದ್ದೆ, ಅಮ್ಮ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಒತ್ತುತ್ತಿದ್ದಳು.

ಟೈಲರ್ ತಾತ ಬಂದಾಗ ಮರದ ಪುಸ್ತಕಕ್ಕೆ ಬಟ್ಟೆಯ ಅಂಗಿ ಹಾಕಿತ್ತು. ಕಂದು ಬಟ್ಟೆ, ಅಂಚಿಗೆ ಸಣ್ಣ ಕೈಹೊಲಿಗೆ, ರಟ್ಟಿಗೆ ಸರಿಯಾಗಿ ಕೂರುವಂತೆ ಅಳತೆ ತೆಗೆದು ಹೊಲಿದದ್ದು.

"ಬೆನ್ನು ಕಿತ್ತೋಗಿತ್ತು ತಾಯಿ. ಸೂಜಿಗೆ ದಾರ ಪೋಣಿಸೋಕೇ ಎರಡು ದಿನ ಹಿಡೀತು. ಓದಿದೆ ಕೂಡ, ಅರವತ್ತು ಪುಟ. ನಮ್ಮ ಮನೆ ಮುಂದಿನ ಮರದ ಹೆಸ್ರು ಈಗ ಗೊತ್ತಾಯ್ತು."

ಅಮ್ಮ ಅವರಿಗೂ ಹೇಳಿದಳು. ತಾತ ಮೇಜಿನ ಅಂಚು ಹಿಡಿದುಕೊಂಡರು.

"ಹಾಗಾದ್ರೆ ಇದನ್ನ ನನಗೇ ಕೊಟ್ಬಿಡು. ಯಾರಿಗೂ ಬೇಡ ಅಂದ್ಮೇಲೆ."

"ರದ್ದಾದ ಪುಸ್ತಕ ಯಾರಿಗೂ ಕೊಡೋ ಹಾಗಿಲ್ಲ ತಾತ. ಎಣಿಸಿ ಚೀಲಕ್ಕೆ ಹಾಕ್ಬೇಕು."

"ಅಮ್ಮ!" ಎಂದೆ ನಾನು. ಅವಳು ನನ್ನ ಕಡೆ ತಿರುಗಲಿಲ್ಲ. ಬಟ್ಟೆಯ ಅಂಗಿಯನ್ನು ಮೆಲ್ಲಗೆ ಬಿಚ್ಚಿದಳು, ಹೊಲಿಗೆ ಎಳೆಯದಂತೆ, ಮಗುವಿಗೆ ಬಿಚ್ಚುವ ಹಾಗೆ. ನಾಲ್ಕು ಮಡಿಕೆ ಮಾಡಿ ತಾತನ ಅಂಗೈ ಮೇಲಿಟ್ಟಳು.

"ಇದು ನಿಮ್ದು."

ತಾತ ಅದನ್ನು ಜೇಬಿಗೆ ಹಾಕಿಕೊಂಡು ಹೋದರು. ಪೇಪರ್ ಓದಲು ಕೂರಲಿಲ್ಲ.

ಕೊನೆಯ ದಿನ ಮರದ ಪೆಟ್ಟಿಗೆಯಲ್ಲಿ ಒಂದೇ ಒಂದು ಕಾರ್ಡು ನಿಂತಿತ್ತು. ಅದು ನನ್ನದು. ಮೊದಲ ದಿನ, ಎಲ್ಲರಿಗಿಂತ ಮುಂಚೆ, ನಾನು ಚಿಕ್ಕವಳಿದ್ದಾಗ ಅಮ್ಮ ಓದಿ ಹೇಳುತ್ತಿದ್ದ ಒಂದು ಚಿತ್ರಪುಸ್ತಕ ಒಯ್ದಿದ್ದೆ. ಅದು ನನ್ನ ಬಟ್ಟೆಗಳ ಅಡಿಯಲ್ಲಿತ್ತು. ಅಲ್ಲೇ ಇರಲಿ ಎಂದು ತೀರ್ಮಾನಿಸಿದ್ದೆ. ಅಮ್ಮ ಆ ಕಾರ್ಡನ್ನು ಮೇಜಿನ ಮೇಲೆ ನನ್ನ ಮುಂದಿಟ್ಟಳು. ಹೊರಗೆ ನಗರಸಭೆಯ ಲಾರಿ ಕಾಯುತ್ತಿತ್ತು.

ಮನೆಗೆ ಓಡಿ ಹೋಗಿ ತಂದುಕೊಟ್ಟೆ.

ಅಮ್ಮ ಚೀಟಿ ನೋಡಿದಳು. "ಎಂಟು ದಿನ ತಡ," ಎಂದಳು. ಕಾರ್ಡನ್ನು ಪುಸ್ತಕದೊಳಗೆ ಸೇರಿಸಿ, ಕೆಂಪು ಮುದ್ರೆ ಒತ್ತಿ, ಕೊನೆಯ ಚೀಲದೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟಳು. ಬಾಯಿ ಕಟ್ಟಿದಳು.

"ಆ ಕಡೆ ಹಿಡ್ಕೋ," ಎಂದಳು. "ನನ್ನೊಬ್ಬಳ ಕೈಲಾಗಲ್ಲ."

ನಾನು ಆ ಕಡೆ ಹಿಡಿದೆ.